ದೇವರಗುಂಡಿಯ ಅಪ್ಪಣೆ

ಕೆರಿಯಪ್ಪ ನಾಯ್ಕನಿಗೆ 'ಆಗುವುದಿಲ್ಲ' ಎನ್ನಲು ಬರುತ್ತಿರಲಿಲ್ಲ. ಯಾರದೋ ಮನೆಯ ಬಾವಿಗೆ ಕೊಡ ಬಿದ್ದರೆ ಕೆರಿಯಪ್ಪ, ಯಾರದೋ ದನ ಹೊಳೆಯಾಚೆ ಕರು ಹಾಕಿದರೆ ಕೆರಿಯಪ್ಪ, ತೋಟಕ್ಕೆ ಮಂಗ ಬಂದರೆ ಕೆರಿಯಪ್ಪ, ಗದ್ದೆಗೆ ಹಂದಿ ಬಂದರಂತೂ ಕೆರಿಯಪ್ಪನೇ ಆಗಬೇಕು. ಸಿದ್ದಾಪುರದಿಂದ ನಿಲ್ಕುಂದದ ಕಡೆ ಹೋಗುವಾಗ ಎಡಕ್ಕೆ ಇಳಿದರೆ ನಮ್ಮ ಕಂಚಿಗದ್ದೆ. ಇಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿಗಳು ನಾಲ್ಕಾರು ಮನೆಯಲ್ಲಿವೆ. ಅವು ಆಯುಧಪೂಜೆಗೆ ಗೋಡೆಯಿಂದಿಳಿದು, ಕುಂಕುಮ ಹಚ್ಚಿಸಿಕೊಂಡು ಮತ್ತೆ ಗೋಡೆ ಏರುವ ಕೋವಿಗಳು. ಹೊಡೆದದ್ದು ಬೀಳುವಂಥ ಕೋವಿ ಕೆರಿಯಪ್ಪನದೊಂದೇ.

ನಮ್ಮ ಜನಕ್ಕೆ ಅವನನ್ನು ಕರೆಯುವ ಒಂದು ಕ್ರಮವಿತ್ತು. "ಕೆರಿಯಪ್ಪ, ಮಂಗ ಬೈಂದು ಮಾರಾಯ. ಕೊಂದುಗಿಂದೀಯ, ಆಂಜನೇಯ ಅದು. ಬರೇ ಹೆದರಿಸು," ಎಂದು ಬಾಯಲ್ಲಿ ಹೇಳುವುದು, ಹಾಗೆ ಹೇಳುವಾಗ ಅವನ ಮುಖ ನೋಡದೆ ತೋಟದ ಕಡೆ ನೋಡುವುದು. ಅವನು ಬಾಯಿಮಾತನ್ನೇ ಹಿಡಿದು ಗುಂಡಿಲ್ಲದ ಹುಸಿ ಈಡು ಹೊಡೆದು ಬರುತ್ತಿದ್ದ. ಕರೆದವರ ಮನಸ್ಸಿನಲ್ಲಿದ್ದದ್ದು ಅವನಿಗೆ ತಿಳಿಯುತ್ತಿರಲಿಲ್ಲ ಎಂದಲ್ಲ. ಹಂದಿಯನ್ನು ಹೊಡೆದರೆ ಮಾತ್ರ ಲೆಕ್ಕ ಬೇರೆ. ತಿನ್ನುವವರ ಕೇರಿಗೆಲ್ಲ ಪಾಲು ಹೋಗುತ್ತಿತ್ತು. ಪಾಪದಲ್ಲಿ ಪಾಲು ಕೇಳಲು ಯಾವ ಕೇರಿಯಿಂದಲೂ ಯಾರೂ ಬರುತ್ತಿರಲಿಲ್ಲ.

ಇಂಥ ಮನುಷ್ಯ ಜನ್ಮದಲ್ಲಿ ಒಂದೇ ಒಂದು ಸಲ ಆಗುವುದಿಲ್ಲ ಎಂದ. ಅದು ನೀರುನಾಯಿಗಳ ವಿಷಯಕ್ಕೆ.

ನಮ್ಮೂರ ಹೊಳೆ ದೊಡ್ಡದೇನಲ್ಲ. ಆದರೆ ಈಶ್ವರ ದೇವಸ್ಥಾನದ ಮೆಟ್ಟಿಲ ಕೆಳಗೆ ಅದು ಬಂಡೆಗಳ ನಡುವೆ ನಿಂತು ಒಂದು ಆಳದ ಮಡು ಮಾಡಿಕೊಂಡಿದೆ. ದೇವರಗುಂಡಿ ಎನ್ನುತ್ತೇವೆ. ಅದರಲ್ಲಿ ಮೊಳದುದ್ದದ, ದೊಡ್ಡ ಚಿಪ್ಪಿನ, ತಾಮ್ರದ ಬಣ್ಣ ಹೊಡೆಯುವ ರೆಕ್ಕೆಯ ಮೀನುಗಳು. ಪೇಪರಿನವರು ಮಹಶೀರ್ ಎಂದು ಬರೆದರು. ನಾಡಿನಲ್ಲೆಲ್ಲ ಅಳಿದುಹೋಗುತ್ತಿರುವ ಜಾತಿಯಂತೆ. ನಮಗೆ ಅವು ದೇವರ ಮೀನು, ಅಷ್ಟೆ. ಗುಂಡಿಯಲ್ಲಿ ಗಾಳ ಹಾಕಿದವನ ವಂಶ ನಿಲ್ಲುತ್ತದೆ ಎಂಬ ಮಾತು ಎಂದಿನಿಂದಲೋ ಇದೆ; ಮೀನು ತಿನ್ನುವ ಕೇರಿಯವರೂ ಅಲ್ಲಿ ಕೈ ಅದ್ದುವುದಿಲ್ಲ. ಪೂಜೆ ಮುಗಿದ ಮೇಲೆ ನೈವೇದ್ಯದ ಅನ್ನ ಚೆಲ್ಲಿದರೆ ನೀರು ಕುದಿಯುವ ಹಾಗೆ ಮೇಲೇಳುತ್ತಿದ್ದವು. ಮಕ್ಕಳು ಅನ್ನದ ಜೊತೆ ಬೆರಳನ್ನೂ ಕೊಟ್ಟು ಕಿಲಕಿಲ ಎನ್ನುತ್ತಿದ್ದವು.

ಈಚಿನ ವರ್ಷಗಳಲ್ಲಿ ಅನ್ನ ಚೆಲ್ಲಿದರೆ ಅನ್ನ ಮುಳುಗುತ್ತದೆ. ಎಲ್ಲೋ ಒಂದು ಮುದಿ ಮೀನು ಬಂದು ಮುಟ್ಟಿ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೇವಸ್ಥಾನದ ಕಮಿಟಿಯ ಅಧ್ಯಕ್ಷರು ವಿಶ್ವೇಶ್ವರ ಹೆಗಡೆಯವರು. ಕೆಟ್ಟವರು ಎನ್ನುವಂತಿಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಅವರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಗುಂಡಿಯ ಕೊನೆಯ ಮೆಟ್ಟಿಲಿನಲ್ಲಿ ಕೂತು ಮೀನುಗಳಿಗೆ ಅನ್ನ ಹಾಕುವವರು. ಒಂದು ದಿನ ಅಲ್ಲಿನ ಬಂಡೆಯ ಮೇಲೆ ದೊಡ್ಡ ಮೀನೊಂದರ ತಲೆ ಬಿದ್ದಿತ್ತು. ಪಕ್ಕದಲ್ಲಿ ನೀರುನಾಯಿಯ ಹಿಕ್ಕೆ. ಹೆಗಡೆಯವರು ಆ ತಲೆಯನ್ನು ಬಾಳೆಲೆಯಲ್ಲಿ ಕಟ್ಟಿ, ಮಣ್ಣು ಮಾಡಿ, ಎರಡನೇ ಸಲ ಮಿಂದು ಬಂದರಂತೆ. ಮನೆಯಲ್ಲಿ ಅತ್ತರಂತೆ ಕೂಡ. ಮರುದಿನವೇ ಕೆರಿಯಪ್ಪನಿಗೆ ಕರೆ ಹೋಯಿತು.

ನೀರುನಾಯಿಗಳ ಗೂಡಿದ್ದದ್ದು ಕೆರಿಯಪ್ಪನ ಗದ್ದೆಯ ಬುಡದಲ್ಲೇ, ಗುಂಡಿಯಿಂದ ಒಂದು ಕೂಗಳತೆ ಕೆಳಗೆ, ಹೊಳೆ ಕೊರೆದ ದಂಡೆಯಲ್ಲಿ ಜೋತುಬಿದ್ದ ಅತ್ತಿಯ ಬೇರುಗಳ ಸಂದಿಯಲ್ಲಿ. ಒಂದು ತಾಯಿ, ಅದರ ಗಂಡು, ಮೂರು ಮರಿ. ಸಂಜೆ ಕೆರಿಯಪ್ಪ ಎಮ್ಮೆ ಮೀಯಿಸಲು ಇಳಿದರೆ ಅವೂ ಇಳಿಯುತ್ತಿದ್ದವು. ಮರಿಗಳು ಬಂಡೆಯಿಂದ ಜಾರಿ ನೀರಿಗೆ ಬೀಳುವುದು, ಮತ್ತೆ ಹತ್ತುವುದು, ಮತ್ತೆ ಜಾರುವುದು. ಅವನ ಹೆಂಡತಿ ಸುಬ್ಬಿ ಅಂಗಳದಿಂದಲೇ ಕೂಗುತ್ತಿದ್ದಳು: "ಹೋಯ್, ನಿಮ್ಮ ನೆಂಟರು ಬಂದ್ವು ನೋಡಿ. ಕೂರಿಸ್ಕಂಡು ಎಲೆ ಅಡಿಕೆ ಕೊಡಿ!"

ಹೆಗಡೆಯವರು ಜಗಲಿಯಲ್ಲಿ ಕೂರಿಸಿ, ಚಾ ಕೊಡಿಸಿ, ವಿಷಯ ಹೇಳಿದಾಗ ಕೆರಿಯಪ್ಪ ಲೋಟ ಕೆಳಗಿಟ್ಟ.

"ಅದೊಂದು ಆಗೂದಿಲ್ಲ ಹೆಗಡೇರೆ," ಎಂದ.

ಹೆಗಡೆಯವರಿಗೆ ತಾವು ಕೇಳಿದ್ದು ಸರಿಯೇ ಎಂದು ಅನುಮಾನ. "ಎಂತ ಅಂದೆ?"

"ಹಂದಿ ಬೆಳೆ ತಿಂತು, ಹೊಡೆದೆ. ಇವು ಎಂತ ಮಾಡಿದ್ವು? ಹೊಟ್ಟೆಗೆ ಮೀನು ತಿಂದ್ವು. ಮೀನು ತಿಂದ್ವು ಅಂತ ಹೊಡೆಯೂದಾದ್ರೆ ಮೊದ್ಲು ನನ್ನನ್ನೇ ಹೊಡೀಬೇಕಾಯ್ತದೆ. ನಮ್ಮಪ್ಪನ ಕಾಲಕ್ಕೂ ಅವು ಅಲ್ಲೇ ಇದ್ವು. ಮೀನೂ ಗುಂಡಿ ತುಂಬ ಇದ್ವು."

"ಆಗ ಇದ್ವು ಮಾರಾಯ, ಈಗ ಇಲ್ಲವಲ್ಲ! ಇರೂದೇ ನಾಲ್ಕು. ಅದನ್ನೂ ಅವು ತಿಂದು ಮುಗಿಸಿದ್ರೆ? ಈ ಜಾತಿ ಮತ್ತೆ ಹುಟ್ಟಿ ಬರ್ತದಾ?"

ಕೆರಿಯಪ್ಪ ಚಾ ಮುಗಿಸಿದ. ಅವನು ವಾದ ಮಾಡುವವನಲ್ಲ. ಲೋಟ ತೊಳೆದಿಟ್ಟು, ಕೈಮುಗಿದು ಎದ್ದು ಹೋದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಕೆರಿಯಪ್ಪ ಆಗುವುದಿಲ್ಲ ಎಂದನಂತೆ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ನಮ್ಮ ಜನ ಅಷ್ಟು ಮಾತಾಡುತ್ತಿರಲಿಲ್ಲ.

ಅವನ ಪರವಾಗಿ ಬಾಯಿಬಿಟ್ಟದ್ದು ಒಬ್ಬಳೇ. ಹೆಗಡೆಯವರ ಮಗಳೇ ಆದ ಅಭಿಜ್ಞಾ. ಶಿರಸಿಯಲ್ಲಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಾಳೆ. ದೇವಸ್ಥಾನದ ಪೌಳಿಯಲ್ಲಿ ಮೀಟಿಂಗು ಸೇರಿದ ದಿನ ಅವಳು ಹೆಂಗಸರ ಕಡೆ ಕೂರದೆ ನೇರ ನಡುವೆ ಬಂದು ನಿಂತಳು.

"ಅಪ್ಪಾ, ನೀರುನಾಯಿ ನಿನ್ನೆ ಮೊನ್ನೆ ಬಂದಿದ್ದಲ್ಲ. ಅದರ ಹಿಕ್ಕೆ ಒಡೆದು ನೋಡಿ, ಏಡಿ ಚಿಪ್ಪೇ ಜಾಸ್ತಿ ಇರ್ತು. ಮೀನು ಸಾಯ್ತಾ ಇಪ್ಪದು ಮಳೆಗಾಲದಲ್ಲಿ. ನಾವೆಲ್ಲ ಕೊಳೆ ಔಷಧಿ ಹೊಡೆದು ಡ್ರಮ್ಮು ಎಲ್ಲಿ ತೊಳೆಯದು? ಹೊಳೇಲಿ. ಮೈಲುತುತ್ತದ ನೀರಲ್ಲಿ ಮರಿ ಹೆಂಗೆ ಉಳೀತು?"

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಮೈಲುತುತ್ತ, ಸುಣ್ಣ ಕಲಸಿ ಹೊಡೆಯದಿದ್ದರೆ ಕಾಯಿಯೆಲ್ಲ ಕೊಳೆತು ಉದುರುತ್ತದೆ. ಹೊಡೆದು ಮುಗಿದ ಮೇಲೆ ನೀಲಿಗಟ್ಟಿದ ಡ್ರಮ್ಮುಗಳನ್ನು ಹೊಳೆಯಲ್ಲಿ ಉರುಳಿಸಿ ತೊಳೆಯುವುದು ನಮ್ಮೂರಿನ ರೂಢಿ. ಔಷಧಿ ಹೊಡೆಯುವ ಮೊಟಾರು ಬಂದ ಮೇಲೆ ಡ್ರಮ್ಮುಗಳೂ ಹೆಚ್ಚಿದವು. ಆವತ್ತು ಪೌಳಿಯಲ್ಲಿ ಕೂತ ಪ್ರತಿಯೊಬ್ಬರ ಮನೆಯಲ್ಲೂ ಅಂಥ ಡ್ರಮ್ಮಿತ್ತು. ಎಲ್ಲರೂ ಒಮ್ಮೆ ಕೆಮ್ಮಿದರು.

"ಕೊಳೆ ಬಂದ್ರೆ ನಿನ್ನ ಕಾಲೇಜು ಅಡಿಕೆ ಕೊಡ್ತಾ ಕೂಸೆ?" ಎಂದರು ಒಬ್ಬರು. ನಗು ಎದ್ದಿತು. ನಗುವಿನಲ್ಲಿ ಮಾತು ತೇಲಿಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ಅಲ್ಲಿದ್ದ ಎಲ್ಲರಿಗೂ ಬಾಯಿಪಾಠ. ಮೊಮ್ಮಕ್ಕಳಿಗೆ ಹೇಳಿಕೊಡುವುದೂ ಅವರೇ. ಆದರೆ ಬರೆ ಹಾಕುವ ಕೋಲು ಕೈಯಲ್ಲಿದ್ದಾಗ ಯಾವ ಗಾದೆಯೂ ನೆನಪಿಗೆ ಬರುವುದಿಲ್ಲ.

ಹೆಗಡೆಯವರು ಮಾತ್ರ ನಗಲಿಲ್ಲ. ಮೆಲ್ಲಗೆ ಹೇಳಿದರು, "ಕೂಸೆ, ಔಷಧಿ ಬಿಡಿ ಹೇಳಿ ಆನು ಊರಿಗೆ ಹೆಂಗೆ ಹೇಳದು? ಯನ್ನ ಕೈಲಿ ಆಪ್ಪದು ಇದೊಂದೇ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ತಮಗೆ ಸುಲಭವಾದದ್ದನ್ನೇ ಪರಿಹಾರ ಎಂದು ಅವರು ಪ್ರಾಮಾಣಿಕವಾಗಿ ನಂಬಿದರು.

ಹಿಂದಿನ ಸಾಲಿನಿಂದ ಉಲ್ಲಾಸ ಎದ್ದ. ಅವನು ಕೆರಿಯಪ್ಪನ ತಮ್ಮನ ಮಗ, ನಿಲ್ಕುಂದ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು. "ದೊಡ್ಡಪ್ಪ ಹೊಡೆಯೂದಿಲ್ಲ ಅಂದ್ರೆ ಬ್ಯಾಡ. ನಾನು ಉರುಳು ಹಾಕ್ತೆ. ತಂತಿ ಐತೆ," ಎಂದ. ಒಳ್ಳೆಯ ಕೆಲಸಕ್ಕೆ ಮುಂದೆ ಬಂದ ಹುಡುಗನನ್ನು ನೋಡುವ ಹಾಗೆ ಎಲ್ಲರೂ ಅವನನ್ನು ನೋಡಿದರು.

ಕೆರಿಯಪ್ಪ ಗಾಬರಿಯಾದ. ಉರುಳು ಎಂದರೇನು ಎಂದು ಅವನಿಗೆ ಗೊತ್ತು. ಜೀವ ಹೋಗಲು ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಅವನು ಎದ್ದು ನಿಂತ. ಜನ್ಮದಲ್ಲಿ ಒಂದೇ ಸಲ ಹೇಳಿದ 'ಆಗುವುದಿಲ್ಲ'ವನ್ನು ಅಷ್ಟು ಜನರ ಮುಂದೆ ಎರಡನೇ ಸಲ ಹೇಳುವ ಧೈರ್ಯವಾಗಲಿಲ್ಲವೋ, ಅಥವಾ ತನಗಿಂತ ದೊಡ್ಡವರು ಅದನ್ನು ಹೇಳಲಿ ಎನಿಸಿತೋ. ಅವನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಹಂಗಾರೆ ದೇವರನ್ನೇ ಕೇಳುವ. ಪ್ರಸಾದ ಆದ್ರೆ ನಾನೇ ಹೊಡೀತೆ. ಆಗದೇ ಇದ್ರೆ ಯಾರೂ ಮುಟ್ಟೂಕಿಲ್ಲ."

ನಮ್ಮಲ್ಲಿ ತೀರ್ಮಾನವಾಗದ್ದನ್ನು ದೇವರಿಗೆ ಬಿಡುವುದು ಹೀಗೆ: ಭಟ್ಟರು ಒದ್ದೆ ಮಾಡಿದ ಹೂವಿನ ಎಸಳುಗಳನ್ನು ಲಿಂಗದ ಎಡಕ್ಕೂ ಬಲಕ್ಕೂ ಅಂಟಿಸಿ, ಊರಿನ ಪರವಾಗಿ ಕೇಳಿಕೊಂಡು, ಗಂಟೆ ಬಾರಿಸಿ ಕಾಯುತ್ತಾರೆ. ಬಲದ ಎಸಳು ಮೊದಲು ಉದುರಿದರೆ ಅಪ್ಪಣೆ. ಎಡದ್ದಾದರೆ ಕೂಡದು. ಮದುವೆ, ಬಾವಿ, ಭಾಗ, ವ್ಯಾಜ್ಯ ಎಲ್ಲಕ್ಕೂ ಇದೇ ಕೊನೆಯ ಮಾತು. ಇದರ ಮೇಲೆ ಮಾತಾಡಿದವರನ್ನು ನಾನಂತೂ ಕಂಡಿಲ್ಲ.

ಮೀಟಿಂಗು ಚದುರಿದ ಮೇಲೆ ಅಭಿಜ್ಞಾ ಅವನನ್ನು ಹೊಳೆದಾರಿಯಲ್ಲಿ ಹಿಡಿದು ನಿಲ್ಲಿಸಿದಳು. "ಎಂತಕ್ಕೆ ಹಂಗೆ ಹೇಳಿದ್ರಿ ಕೆರಿಯಪ್ಪಣ್ಣ? ಹೂವಿಗೆ ಎರಡೇ ದಿಕ್ಕು. ನೀವು ಬ್ಯಾಡ ಅಂತ ನಿಂತಿದ್ರೆ ಅವರಿಗೆ ಕಷ್ಟ ಆಗ್ತಿತ್ತು."

ಕೆರಿಯಪ್ಪ ನಕ್ಕ. ಅವಳ ತಿಳಿವಳಿಕೆ ಸಾಲದು ಎಂಬ ನಗು. "ತಂಗಿ, ಗುಂಡಿ ಅವನದು, ಮೀನು ಅವನದು, ನೀರುನಾಯಿ ಯಾರದು? ಅವನದೇ. ತನ್ನ ಮನೆ ಮುಂದೆ ರಕ್ತ ಚೆಲ್ಲು ಅಂತ ಅವ ಹೇಳ್ತಾನಾ? ನೀನು ನೋಡು ಬೇಕಾದ್ರೆ."

ಅವನು ಅಷ್ಟು ನಂಬಿದ್ದ. ಸೋಮವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿ, ಸುಬ್ಬಿಯನ್ನೂ ಕರೆದುಕೊಂಡು, ಮದುವೆಗೆ ಬಂದವನ ಹಾಗೆ ಬಂದು ನಿಂತಿದ್ದ.

ಗಿರೀಶ ಭಟ್ಟರು ಕೇಪಳದ ಕೆಂಪು ಎಸಳುಗಳನ್ನು ಅಂಟಿಸಿದರು. ಮೀನಿನ ಸಂತತಿ ಉಳಿಯಲು ನೀರುನಾಯಿಯನ್ನು ತೆಗೆಯಬಹುದಾದರೆ ಬಲಕ್ಕೆ ಕೊಡು ಸ್ವಾಮಿ ಎಂದು ದೊಡ್ಡ ದನಿಯಲ್ಲಿ ಕೇಳಿಕೊಂಡರು. ಗಂಟೆ ನಿಂತಿತು. ಗರ್ಭಗುಡಿಯ ಎಣ್ಣೆದೀಪದಲ್ಲಿ ಆ ಎರಡು ಕೆಂಪು ಚುಕ್ಕೆಗಳನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಕೆರಿಯಪ್ಪ ಎಡದ ಎಸಳನ್ನೇ ನೋಡುತ್ತಿದ್ದ. ಅದು ಒಮ್ಮೆ ಅಲುಗಿತು ಎಂದು ಸುಬ್ಬಿ ಈಗಲೂ ಹೇಳುತ್ತಾಳೆ.

ಉದುರಿದ್ದು ಬಲದ್ದು.

ಹೆಗಡೆಯವರು ಅಡ್ಡಬಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಪೌಳಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕೆರಿಯಪ್ಪ ತೀರ್ಥಕ್ಕೆ ಕೈ ಒಡ್ಡಿದ. ಕುಡಿಯುವುದನ್ನು ಮರೆತ; ತೀರ್ಥವೆಲ್ಲ ಬೆರಳ ಸಂದಿಯಿಂದ ಸೋರಿಹೋಯಿತು. ಇಷ್ಟು ವರ್ಷ ದೇವರಿಗೆ ಹೆದರಿದ್ದ, ನಡೆದುಕೊಂಡಿದ್ದ. ಆವತ್ತು ಮೊದಲ ಸಲ ಅವನಿಗೆ ದೇವರ ಮೇಲೆ ಬೇಜಾರಾಯಿತು. ಆಮೇಲೆ ಬೇಜಾರಾದದ್ದಕ್ಕೇ ಹೆದರಿದ.

ಮುಂದೆ ಅವನು ಮಾಡಿದ್ದು ದಿನ ತಳ್ಳುವ ಕೆಲಸ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ಆ ಲೆಕ್ಕ. ಇವತ್ತು ಕೋವಿಯ ಮದ್ದು ತಂಡಿ ಹಿಡಿದಿದೆ, ನಾಳೆ ಮದ್ದಿಗೆ ಕಿಡಿ ಕೊಡುವ ಕೇಪು ಸಿಗುತ್ತಿಲ್ಲ, ನಾಡಿದ್ದು ಸುಬ್ಬಿಯ ತವರಿನಲ್ಲಿ ಸೂತಕ. ಹೆಗಡೆಯವರು ದಾರಿಯಲ್ಲಿ ಸಿಕ್ಕರೆ ತಾನೇ ಮೊದಲು ಕೆಮ್ಮಲು ಶುರುಮಾಡುತ್ತಿದ್ದ. ಸಂಜೆ ಎಮ್ಮೆ ಮೀಯಿಸಲು ಹೋದರೆ ಮರಿಗಳ ಕಡೆ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು; ಫಲಿತಾಂಶವೆಲ್ಲ ಮುಗಿದ ಮೇಲೆ ವಾಪಸು. ಬೆಳೆ ಕಾಯುವವರಿಗೆ ಇದರಷ್ಟು ಸಿಟ್ಟಿನ ಸಂಗತಿ ಇನ್ನೊಂದಿಲ್ಲ. ಹಂದಿಗೇನು ಓಟಿದೆಯೇ ಎಂದು ಪ್ರತಿ ಸಲ ಗೊಣಗುವವರಲ್ಲಿ ಕೆರಿಯಪ್ಪನೇ ಮೊದಲಿಗ. ಪೊಲೀಸರು ಫೋನು ಮಾಡಿ ಮಾಡಿ ಸುಸ್ತಾದ ಮೇಲೆ ಒಯ್ದು ಕೊಡುತ್ತಿದ್ದ. ಈ ಸಲ ಸುದ್ದಿ ಬಂದ ಮರುದಿನವೇ ಕೋವಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹತ್ತಿದ. ಠಾಣೆಯವರಿಗೇ ಆಶ್ಚರ್ಯ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡ. ದೇವರ ಅಪ್ಪಣೆಯನ್ನು ಮೀರಿದ ಹಾಗಾಗಲಿಲ್ಲ, ಸರ್ಕಾರ ಅಡ್ಡ ಬಂತು. ಕೋವಿ ವಾಪಸು ಬರುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಹೊಳೆ ಏರುತ್ತದೆ, ಮರಿಗಳು ದೊಡ್ಡವಾಗಿ ಎತ್ತಲೋ ಹೋಗುತ್ತವೆ. ಬಸ್ಸಿಳಿದು ಮನೆಗೆ ಬಂದವನು ಸುಬ್ಬಿಯ ಹತ್ತಿರ ಪಾಯಸ ಮಾಡು ಎಂದನಂತೆ. ಎಂತಕ್ಕೆ ಎಂದರೆ ಸುಮ್ಮನೆ ಎಂದನಂತೆ. ಆ ಸಂಜೆ ಬಹಳ ದಿನದ ಮೇಲೆ ಬಂಡೆಯ ಮೇಲೆ ಕೂತು ಮರಿಗಳನ್ನು ಕಣ್ಣು ತುಂಬ ನೋಡಿದ. ಅದೊಂದು ಸಂಜೆಯಾದರೂ ಅವನಿಗೆ ಸಿಕ್ಕಿತಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಬೇಸಗೆ ಕಾದಿತು. ಹೊಳೆ ಅಲ್ಲಲ್ಲಿ ತುಂಡಾಗಿ, ನೀರು ನಿಂತದ್ದು ದೇವರಗುಂಡಿಯಲ್ಲೊಂದೇ. ನೀರುನಾಯಿಗಳು ಈಗ ದಿನವೂ ಅಲ್ಲಿಗೇ. ಬೇರೆಲ್ಲಿಗೆ ಹೋಗುತ್ತವೆ? ಬಂಡೆಯ ಮೇಲೆ ಮತ್ತೆ ಮೀನಿನ ತಲೆಗಳು ಕಂಡವು. ಹೆಗಡೆಯವರು ಊಟ ಬಿಟ್ಟರು. ಕೋವಿ ಠಾಣೆಯಲ್ಲಿ, ಅಪ್ಪಣೆ ತಲೆಯ ಮೇಲೆ. ದೇವರ ಮಾತನ್ನು ಎಷ್ಟು ದಿನ ಹೀಗೆ ಬಾಕಿ ಇಡುವುದು ಎಂದು ಪೌಳಿಯಲ್ಲಿ ಗುಸುಗುಸು. ಉಲ್ಲಾಸ ಯಾರನ್ನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬೈಕಿನ ಹಳೇ ಬ್ರೇಕ್ ಕೇಬಲ್ಲು ತಂದು, ಅತ್ತಿಯ ಬೇರುಗಳ ಸಂದಿಯಲ್ಲಿ, ಅವು ನೀರಿಗಿಳಿಯುವ ಜಾಡಿನಲ್ಲಿ ಕುಣಿಕೆ ಕಟ್ಟಿ ಹೋದ.

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕೆರಿಯಪ್ಪನಿಗೆ ಸಿಳ್ಳೆ ಕೇಳಿತು. ಮರಿಗಳು ತಾಯಿಯನ್ನು ಕರೆಯುವ ಸಿಳ್ಳೆ ಅವನಿಗೆ ಗೊತ್ತು. ಇದು ನಿಲ್ಲುತ್ತಲೇ ಇರಲಿಲ್ಲ. ಇಳಿದು ನೋಡಿದರೆ ತಾಯಿ ಸಿಕ್ಕಿಬಿದ್ದಿತ್ತು. ಕುಣಿಕೆ ಕುತ್ತಿಗೆಗೆ ಬೀಳದೆ ಸೊಂಟಕ್ಕೆ ಬಿದ್ದು, ಎಳೆದು ಎಳೆದು ತಂತಿ ಮಾಂಸದೊಳಗೆ ಹೋಗಿತ್ತು. ಹಿಂಗಾಲು ಎರಡೂ ಸತ್ತಿದ್ದವು. ಮುಂಗಾಲಿನಲ್ಲಿ ಮಣ್ಣು ಕೆರೆದು ಕೆರೆದು ಗುಳಿ ಮಾಡಿತ್ತು. ಗಂಡು ಕಾಣಲಿಲ್ಲ. ಮೂರು ಮರಿಗಳು ಅದರ ಹೊಟ್ಟೆಯ ಕಡೆ ತಲೆ ಹಾಕಲು ನೋಡುತ್ತ, ಕೆರಿಯಪ್ಪನನ್ನು ಕಂಡು ನೀರಿಗೆ ಹಾರಿ, ಅಲ್ಲಿಂದಲೇ ಸಿಳ್ಳೆ ಹಾಕಿದವು.

ಅವನು ಬಿಡಿಸಲು ನೋಡಿದ. ಗೋಣಿಚೀಲ ಹೊದೆಸಿ ಸುಬ್ಬಿ ಹಿಡಿದಳು, ಇವನು ಇಕ್ಕುಳ ಹಿಡಿದ. ಅದು ಚೀಲದ ಮೇಲಿಂದಲೇ ಅವನ ಅಂಗೈಯನ್ನು ಆಚೆಯಿಂದೀಚೆಗೆ ಕಚ್ಚಿತು. ಕೈ ಕೊಡವಲಿಲ್ಲ, ಕಚ್ಚಲಿ ಎಂದು ಬಿಟ್ಟ. ತಂತಿ ಕತ್ತರಿಸಿದ ಮೇಲೆ ಕಂಡಿತು, ಸೊಂಟದ ಮೂಳೆ ಮುರಿದಿತ್ತು, ಕರುಳು ಹೊರಗಿತ್ತು. ಬಿಟ್ಟರೂ ಅದು ಎಲ್ಲಿಗೂ ಹೋಗುವಂತಿರಲಿಲ್ಲ. ಆದರೆ ಜೀವ ಗಟ್ಟಿ. ಸಾಯುವ ಲಕ್ಷಣವೇ ಇಲ್ಲ. ಅವನ ಮುಖವನ್ನೇ ನೋಡುತ್ತಿತ್ತು.

ಕೆರಿಯಪ್ಪ ಎದ್ದು ಮನೆಗೆ ಓಡಿದ. ಒಳಗೆ ಹೋಗಿ ಗೋಡೆಯ ಮೊಳೆಗೆ ಕೈ ಹಾಕಿದ. ಮೊಳೆ ಬರಿದಾಗಿತ್ತು.

ಅಲ್ಲೇ ಕುಸಿದು ಕೂತವನನ್ನು ಸುಬ್ಬಿ ಬಂದು ಎಬ್ಬಿಸಿದಳು. ಅವಳ ಕೈಯಲ್ಲಿ ಸೊಪ್ಪು ಕಡಿಯುವ ಕತ್ತಿಯಿತ್ತು. "ಏಳಿ. ಅದರ ಒದ್ದಾಟ ನೋಡೂಕಾಗೂದಿಲ್ಲ. ಮುಗಿಸಿಬಿಡಿ," ಎಂದಳು. ಕತ್ತಿಯನ್ನು ತಾನೇ ಅವನ ಕೈಗೆ ಕೊಡಬೇಕಾಯಿತಲ್ಲ ಎಂದು ಅವಳೂ ಅಳುತ್ತಿದ್ದಳು.

ಕೋವಿಯವನಿಗೂ ಕತ್ತಿಯವನಿಗೂ ವ್ಯತ್ಯಾಸವಿದೆ. ಕೋವಿಯವನು ದೂರದಲ್ಲಿ ನಿಲ್ಲುತ್ತಾನೆ. ಬಿದ್ದದ್ದರ ಹತ್ತಿರ ಹೋಗುವಷ್ಟರಲ್ಲಿ ಅದು ಬರೀ ಮಾಂಸ. ಆವತ್ತು ಕಚ್ಚಿಸಿಕೊಂಡ ಬಲಗೈಯಲ್ಲಿ ಕತ್ತಿ ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಕಡಿದ. ಒಂದು ಏಟಿಗೆ ಆಗಲಿಲ್ಲ. ಇದಕ್ಕಿಂತ ಹೆಚ್ಚು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಿದ್ದಾಪುರದಲ್ಲಿ ಡಾಕ್ಟರು ಕೈಗೆ ಹೊಲಿಗೆ ಹಾಕುತ್ತ ಎಂತ ಕಚ್ಚಿದ್ದು ಎಂದರೆ, ನಾಯಿ ಎಂದ. ನೀರುನಾಯಿ ಎಂದರೆ ಕೇಸು ಬೀಳುತ್ತಿತ್ತು. ಉಲ್ಲಾಸ ಆಸ್ಪತ್ರೆಗೆ ಓಡಿ ಬಂದಿದ್ದ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದ ಎಂದು ಕಾಣುತ್ತದೆ. "ದೇವರ ಅಪ್ಪಣೆ ಆಗಿತ್ತಲ್ಲ ದೊಡ್ಡಪ್ಪ," ಎಂದಷ್ಟೇ ಹೇಳಿದ. ಕೆರಿಯಪ್ಪ ಅವನಿಗೆ ಒಂದು ಮಾತೂ ಬೈಯಲಿಲ್ಲ. ಅಪ್ಪಣೆ ಕೇಳುವ ಎಂದವನು ತಾನೇ. ಯಾವ ಬಾಯಲ್ಲಿ ಬೈಯುತ್ತಾನೆ?

ಮರಿಗಳು ಆಮೇಲೂ ಕೆಲವು ದಿನ ಸಿಳ್ಳೆ ಹಾಕಿದವು. ಸುಬ್ಬಿ ಸಂತೆಯಿಂದ ಮೀನು ತಂದು ಬಂಡೆಯ ಮೇಲೆ ಇಟ್ಟಳು. ಕಾಗೆ ತಿಂದವು. ಸಿಳ್ಳೆ ಮೊದಲು ಎರಡು ದನಿಗಿಳಿಯಿತು, ಆಮೇಲೆ ಒಂದಕ್ಕೆ. ಒಂದು ಬೆಳಿಗ್ಗೆ ಅದೂ ಇರಲಿಲ್ಲ. ಸುಬ್ಬಿ ಆಮೇಲೆ ಅಂಗಳದಿಂದ ಯಾರನ್ನೂ ಕೂಗಿ ಕರೆಯಲಿಲ್ಲ.

ಮಳೆ ಬಂತು. ಕೊಳೆ ಔಷಧಿಯ ದಿನಗಳೂ ಬಂದವು. ಮಳೆ ಬಿಟ್ಟು ಹೊಳವಾದ ಒಂದು ದಿನ ನೋಡಿ ಊರಿಗೆ ಊರೇ ಔಷಧಿ ಹೊಡೆದು, ಸಂಜೆ ಡ್ರಮ್ಮುಗಳನ್ನು ಹೊಳೆಗೆ ಉರುಳಿಸಿತು. ಮುಂದಿನ ಭಾನುವಾರ ಅಭಿಜ್ಞಾ ಹೊಳೆಯ ಕೆಳಗಿನ ಒಡ್ಡಿಗೆ ಹೋಗಿ, ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನಿನ ಮರಿಗಳನ್ನು ಬಾಟ್ಲಿಯಲ್ಲಿ ತುಂಬಿ ತಂದು, ಅಪ್ಪನ ಜಗಲಿಯ ಮೇಲೆ ಇಟ್ಟಳು. ಬೆರಳುದ್ದದವು. ರೆಕ್ಕೆಯಲ್ಲಿ ಆಗಲೇ ತಾಮ್ರದ ಬಣ್ಣ.

"ಇದ್ನ ಯಾವ ನೀರುನಾಯಿ ತಿಂತು ಅಪ್ಪಾ?"

ಹೆಗಡೆಯವರು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಅಂಗಳದ ಮೂಲೆಯಲ್ಲೇ ತೊಳೆದ ಡ್ರಮ್ಮು ಬೋರಲಾಗಿ ಒಣಗುತ್ತಿತ್ತು. ಅದರ ಕಡೆ ಅವರು ನೋಡಲಿಲ್ಲ. ಮರಿಗಳನ್ನು ಬಾಳೆಲೆಯಲ್ಲಿ ಕಟ್ಟಿ, ಮಣ್ಣು ಮಾಡಿ, ಮಿಂದು ಬಂದರು. ಮಗಳು ಆ ಸಂಜೆಯ ಬಸ್ಸಿಗೇ ಶಿರಸಿಗೆ ಹೋದಳು.

ಚಳಿ ಶುರುವಾಗಿ ನೀರು ತಿಳಿಯಾದಾಗ ಕಂಡಿತು: ಗುಂಡಿಯಲ್ಲಿ ಮೊದಲಿದ್ದಷ್ಟೂ ಮೀನಿಲ್ಲ. ನೀರುನಾಯಿ ಹೋಯಿತು, ಆದರೂ ಹೀಗೇಕೆ? ಮತ್ತೆ ಪೌಳಿ, ಮತ್ತೆ ಮೀಟಿಂಗು. ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆಗಳನ್ನು ಈ ಸಲ ಯಾರೋ ತೋರಿಸಿದರು. ಎಷ್ಟು ಮುಳುಗುತ್ತವೆ ನೋಡಿ, ಮುಳುಗಿದ ಸಲವೆಲ್ಲ ಒಂದು ಮೀನು ಎಂದರು. ಹೌದು ಹೌದು ಎಂದರು ಎಲ್ಲ. ಡ್ರಮ್ಮಿನ ಮಾತನ್ನು ಎತ್ತಲು ಅಭಿಜ್ಞಾ ಅಲ್ಲಿರಲಿಲ್ಲ. ಅವಳು ಇದ್ದಾಗ ಏನಾಯಿತು ಎಂಬುದನ್ನೂ ನೋಡಿಯಾಗಿತ್ತು.

ಹೆಗಡೆಯವರು ತಾವೇ ಕೆರಿಯಪ್ಪನ ಮನೆಗೆ ಬಂದರು. ಒಂದೇ ವರ್ಷದಲ್ಲಿ ಅವರು ಬಹಳ ಇಳಿದುಹೋಗಿದ್ದರು. ಕೋವಿ ಎಂದೋ ಠಾಣೆಯಿಂದ ಬಂದು ಗೋಡೆಯಲ್ಲಿತ್ತು. ಅಂಗಳದ ಕಲ್ಲಿನ ಮೇಲೆ ಕೂತು, ಹೇಗೆ ಕೇಳುವುದೆಂದು ತಿಳಿಯದೆ ಸೀದಾ ಹೇಳಿಬಿಟ್ಟರು.

"ನೀರುಕಾಗೆ ತೆಗೀಬೇಕು ಅಂತಿದ್ದಾರೆ ಕೆರಿಯಪ್ಪ. ನಿಂಗೆ ಮನಸ್ಸಿಲ್ಲ ಅಂತ ಗೊತ್ತು. ಬೇಕಾದ್ರೆ ಸೋಮವಾರ ಪ್ರಸಾದ ಕೇಳುವ."

"ಕೇಳೂದು ಬ್ಯಾಡ ಹೆಗಡೇರೆ," ಎಂದ ಕೆರಿಯಪ್ಪ. "ನಾಳೆ ಬೆಳಗಾಗ ಬರ್ತೆ."

ಹೆಗಡೆಯವರು ಬೆರಗಾಗಿ ಅವನನ್ನು ನೋಡಿದರು. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮತ್ತೇನೂ ಇರಲಿಲ್ಲ.

ಆ ರಾತ್ರಿ ಹೆಗಡೆಯವರು ಮಗಳಿಗೆ ಫೋನಿನಲ್ಲಿ ಈ ಸಂಗತಿ ಹೇಳಿದರಂತೆ, ಮನಸ್ಸು ತಡೆಯದೆ. ಅವಳು ಬೆಳಗಿನ ಮೊದಲ ಬಸ್ಸಿಗೆ ಬಂದಳು. ಬಸ್ಸಿಳಿದು ಓಡಿಕೊಂಡು ಬಂದವಳು ಗುಂಡಿಯ ದಾರಿಯಲ್ಲಿ ಕೆರಿಯಪ್ಪನನ್ನು ಅಡ್ಡಗಟ್ಟಿದಳು. ಅವನ ಹೆಗಲಲ್ಲಿ ಕೋವಿ, ಹಿಂದೆ ನಾವು ನಾಲ್ಕು ಜನ.

"ಕೆರಿಯಪ್ಪಣ್ಣ, ನೀವೂನಾ? ನೀರುಕಾಗೆ ಎಂತ ಮಾಡಿದ್ದು? ಎಲ್ಲ ಗೊತ್ತಿದ್ದೂ ಹೊಡೀತ್ರಾ? ನೀವೊಬ್ರು ಬ್ಯಾಡ ಅಂತೀರಿ ಅಂತ ನಾ ನಂಬ್ಕಂಡಿದ್ದೆ."

ಕೆರಿಯಪ್ಪ ನಿಂತ. ಕೋವಿಯನ್ನು ಹೆಗಲು ಬದಲಿಸಿದ. ಹೊಲಿಗೆಯ ಗುರುತಿದ್ದ ಬಲಗೈಯ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ.

"ಬ್ಯಾಡ ಅಂದಿದ್ದೆನಲ್ಲ ತಂಗಿ, ಆವಾಗ," ಎಂದ. "ಹೊಡಿ ಅಂದ ದಿನವೇ ಹೊಡೆದಿದ್ರೆ ಒಂದೇ ಈಡು. ಆ ತಾಯಿಗೆ ಗೊತ್ತೇ ಆಗ್ತಿರಲಿಲ್ಲ. ನಾನು ಬ್ಯಾಡ ಅಂದೆ ಅಂತ ಅದು ಹಂಗೆ ಸಾಯಬೇಕಾಯ್ತು."

ಅಭಿಜ್ಞಾ ದಾರಿ ಬಿಡಲಿಲ್ಲ. ಅವನು ಅವಳನ್ನು ಬಳಸಿಕೊಂಡು ಮುಂದೆ ಹೋದ. ನಾವು ಹಿಂದೆ ನಡೆದೆವು. ಗುಂಡಿ ಮುಟ್ಟಿದ ಸ್ವಲ್ಪ ಹೊತ್ತಿಗೆ ಈಡಿನ ಸದ್ದಾಯಿತು. ಆಮೇಲೆ ಇನ್ನೊಂದು. ಎರಡೂ ಸಲ ಹಕ್ಕಿ ನೀರಿಗೆ ಬಿದ್ದದ್ದನ್ನು ನಾನು ನೋಡಿದೆ, ಬಿದ್ದದ್ದು ಅಲುಗಲಿಲ್ಲ. ಅವನ ಗುರಿ ಈಗಲೂ ಹಾಗೇ ಇದೆ.